ಅತ್ತೆಗೆ ಕಂಡ ಹುಲಿ

ಮನುಷ್ಯರಿಗೆ ತಮ್ಮ ಹತ್ತಿರ ಇಲ್ಲದ್ದರ ಮೇಲೆಯೇ ಕಣ್ಣು. ಗುಂಗುರು ಕೂದಲಿನವರಿಗೆ ನೇರ ಕೂದಲು ಬೇಕು, ನೇರ ಕೂದಲಿನವರಿಗೆ ಗುಂಗುರು ಬೇಕು. ನನಗೆ ಕಾಡು ಬೇಕಾಗಿತ್ತು. ಶ್ರೀನಿವಾಸಪುರದಲ್ಲಿ ಸಂಸಾರ ಮಾಡಿಕೊಂಡು ಕಾಡಿಗೆ ಆಸೆಪಡುವುದು ಎಷ್ಟು ಅವಿವೇಕ ಎಂಬುದು ಈ ಕಡೆ ಬಂದವರಿಗೆ ಮಾತ್ರ ಗೊತ್ತು. ನಮಗೆ ಬೆಟ್ಟಗಳಿಗೇನೂ ಕೊರತೆ ಇಲ್ಲ. ಯಾವ ದಿಕ್ಕಿಗೆ ಮುಖ ಮಾಡಿ ಬಟ್ಟೆ ಒಣಹಾಕಿದರೂ ಒಂದು ಬೆಟ್ಟ ಕಾಣುತ್ತದೆ. ಆದರೆ ಅವು ಯಾರೋ ಮನೆ ಕಟ್ಟಲು ಕಲ್ಲು ತರಿಸಿ ಸುರಿದು, ಆಮೇಲೆ ಮನಸ್ಸು ಬದಲಾಯಿಸಿ ಬೇರೆ ಊರಿಗೆ ಹೋದ ಹಾಗೆ ಬಿದ್ದಿವೆ. ಕಾಡು ಎಂದು ನಾವು ಕರೆಯುವುದು ನೀಲಗಿರಿ ತೋಪನ್ನು. ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ ಸಾಲಾಗಿ, ಒಂದೇ ಎತ್ತರಕ್ಕೆ, ಕೆಳಗೆ ಒಂದು ಹುಲ್ಲುಕಡ್ಡಿಯನ್ನೂ ಬಿಡದೆ ನಿಂತಿರುತ್ತವೆ. ಅದರೊಳಗೆ ಕಳೆದುಹೋಗಬೇಕೆಂದು ನೀವು ಹಟ ಮಾಡಿದರೂ ಆಗುವುದಿಲ್ಲ. ಈ ಕಡೆಯಿಂದ ನೋಡಿದರೆ ಆ ಕಡೆಯ ಬಸ್ಸು ಕಾಣುತ್ತದೆ.

ನನ್ನ ವೃತ್ತಿಯೇ ಈ ಆಸೆಗೆ ನೀರೆರೆದದ್ದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟರಮ್ಮ. ವರ್ಷಕ್ಕೊಂದು ಸಲ ಅರಣ್ಯಗಳ ಪಾಠ ಬರುತ್ತದೆ. ಸೂರ್ಯನ ಬೆಳಕು ನೆಲಕ್ಕೆ ಬೀಳದಷ್ಟು ದಟ್ಟವಾದ ಮರಗಳು, ಒಂದಕ್ಕೊಂದು ಹೆಣೆದುಕೊಂಡ ಬಳ್ಳಿಗಳು ಎಂದು ನಾನು ಎರಡೂ ಕೈ ಮೇಲೆತ್ತಿ, ಬೆರಳು ಹೆಣೆದು ತೋರಿಸುತ್ತೇನೆ. ಮಕ್ಕಳು ಕಿಟಕಿಯಾಚೆ ನೋಡುತ್ತಾರೆ. ಅಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಹೆಡ್‌ಮಾಸ್ಟರ ಸ್ಕೂಟರು. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ತುಂಬ ವಿನಯದಿಂದ, ಮಿಸ್ ನೀವು ಅಂಥ ಕಾಡು ನೋಡಿದ್ದೀರಾ ಎಂದು ಕೇಳಿದಳು. ನಾನು ಪುಸ್ತಕದ ಪುಟ ಮಗುಚಿ, ಮುಂದಿನ ಪಾಠದಲ್ಲಿ ಮಣ್ಣಿನ ವಿಧಗಳು ಎಂದೆ. ಮಣ್ಣಿನ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು. ನಮ್ಮಲ್ಲಿ ಅದು ಬೇಕಾದಷ್ಟಿದೆ. ಆದರೆ ಆ ದಿನದಿಂದ ಆ ಹುಡುಗಿಯ ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿತು. ಪಾತ್ರೆ ತೊಳೆಯುವಾಗ, ಉತ್ತರಪತ್ರಿಕೆ ತಿದ್ದುವಾಗ, ಎಲ್ಲಿಂದಲೋ ಹಸಿ ಎಲೆಯ ವಾಸನೆ ಬಂದ ಹಾಗಾಗಿ ತಲೆ ಎತ್ತುತ್ತಿದ್ದೆ. ನೋಡಿದರೆ ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿರುತ್ತಿದ್ದರು.

ನಮ್ಮ ಮನೆಯವರಿಗೆ ಇದನ್ನು ಹೇಳಿ ಪ್ರಯೋಜನ ಇರಲಿಲ್ಲ. ಅವರು ಮಾವಿನ ಕಾಲದಲ್ಲಿ ಮಂಡಿ ನಡೆಸುತ್ತಾರೆ, ಉಳಿದ ಕಾಲದಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ನೋಡಿಕೊಳ್ಳುತ್ತಾರೆ. ಮರ ಎಂದರೆ ಅವರ ಮಟ್ಟಿಗೆ ಕಾಯಿ ಬಿಡುವಂಥದ್ದು. ಕಾಯಿ ಬಿಡದ ಮರವನ್ನು ನೋಡಲು ಪೆಟ್ರೋಲು ಸುಟ್ಟುಕೊಂಡು ಹೋಗುವುದು ಅವರಿಗೆ ಅರ್ಥವೇ ಆಗದು. "ಕಾಡು ನೋಡಕ್ಕೆ ಅಷ್ಟು ದೂರ ಯಾಕೆ ಶಾರದಾ? ನಮ್ಮ ತೋಟದಲ್ಲೇ ಒಂದು ಚೇರ್ ಹಾಕ್ಕೊಂಡು ಕೂತ್ಕೋ. ಕೋತಿನೂ ಬರ್ತವೆ" ಎಂದಿದ್ದರು. ಇನ್ನು ಪ್ರವಾಸ ಎಂದರೆ ನಮ್ಮ ಕಡೆಯವರಿಗೆಲ್ಲ ತಿರುಪತಿ. ಮದುವೆಯಾದರೆ ತಿರುಪತಿ, ಮಗುವಾದರೆ ತಿರುಪತಿ, ಮಾವಿಗೆ ಬೆಲೆ ಬಂದರೆ ತಿರುಪತಿ, ಬರದಿದ್ದರೆ ಇನ್ನೂ ಬೇಗ ತಿರುಪತಿ. ನಮ್ಮ ಮನೆಯ ಕಾರಿಗೆ ಮುಳಬಾಗಿಲಿನ ರಸ್ತೆ ಎಷ್ಟು ರೂಢಿಯಾಗಿದೆ ಎಂದರೆ, ಸ್ಟಿಯರಿಂಗ್ ಬಿಟ್ಟರೂ ಅದು ಪೂರ್ವಕ್ಕೇ ತಿರುಗಿಕೊಳ್ಳುತ್ತದೆ ಎಂದು ನನಗೆ ಅನುಮಾನ. ವೆಂಕಟೇಶ್ವರನ ಬಗ್ಗೆ ನನಗೆ ಭಕ್ತಿ ಇದೆ. ಆದರೆ ಎಷ್ಟೋ ಸಲ ಅವನ ಕ್ಯೂನಲ್ಲಿ ನಿಂತು, ಕಬ್ಬಿಣದ ಜಾಲರಿಯ ಆಚೆ ಕಾಣುವ ಶೇಷಾಚಲದ ಮರಗಳನ್ನೇ ನೋಡುತ್ತಾ, ಸ್ವಾಮಿ, ನಿನ್ನ ಹಿಂದಿರುವುದನ್ನು ಸ್ವಲ್ಪ ನೋಡಲು ಬಿಡು ಎಂದು ಬೇಡಿಕೊಂಡಿದ್ದೇನೆ.

ಕೊನೆಗೆ ದಾರಿ ತೆರೆದದ್ದು ನಮ್ಮ ಅತ್ತೆಯವರಿಂದ. ಅವರ ತವರು ರಾಯಲ್ಪಾಡಿನ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಸಿಟ್ಟು ಬಂದಾಗ ಪೂರ್ತಿ ತೆಲುಗು. ನಾನು ಮಾಲೂರಿನ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಬೈಯುತ್ತಿದ್ದಾರೋ ಹರಸುತ್ತಿದ್ದಾರೋ ತಿಳಿಯದೆ ಎರಡಕ್ಕೂ ತಲೆಯಾಡಿಸುತ್ತಿದ್ದೆ. ಹಾಗಾಗಿಯೇ ನಮ್ಮಿಬ್ಬರಲ್ಲಿ ಜಗಳ ಬೆಳೆಯಲಿಲ್ಲ ಎಂದು ಕಾಣುತ್ತದೆ. ಒಂದು ದಸರಾ ರಜೆಯ ಮುಂಚೆ ನಾನು ಅವರ ಪಕ್ಕ ಕೂತು, ಚಾಮರಾಜನಗರದ ಕಡೆ ಬಿಳಿಗಿರಿ ಅಂತ ಒಂದು ಬೆಟ್ಟ ಇದೆಯಂತೆ, ಅದರ ತುದಿಯಲ್ಲಿ ರಂಗನಾಥಸ್ವಾಮಿ ಇದ್ದಾನಂತೆ, ಅವನೂ ವೆಂಕಟರಮಣನೂ ಒಂದೇ ಅಂತೆ ಎಂದು ಹೇಳಿದೆ. ಕಾಡಿನ ವಿಷಯ, ಹುಲಿ ಆನೆಗಳ ವಿಷಯ ಎತ್ತಲೇ ಇಲ್ಲ. ಅತ್ತೆ, ಒಂದೇ ಆದರೆ ಅಣ್ಣನ ಮನೆಗೆ ಇಷ್ಟು ಸಲ ಹೋಗಿ ತಮ್ಮನ ಮನೆಗೆ ಹೋಗದೆ ಇರುವುದು ಮರ್ಯಾದೆಯಲ್ಲ ಎಂದರು. ಅಂದು ಸಂಜೆಯೇ ಮಗನಿಗೆ ಹುಕುಂ ಆಯಿತು. ತಾಯಿಯ ಮಾತಿಗೆ ನಮ್ಮ ಮನೆಯವರು ಎದುರಾಡುವುದಿಲ್ಲ. ನನ್ನ ಮಾತಿಗೆ ಎದುರಾಡಿಯೇ ಅವರಿಗೆ ಸಾಕಾಗಿರುತ್ತದೆ.

ಹೊರಡುವ ಹಿಂದಿನ ದಿನ ನಾನು ಟೋಪಿ, ಸ್ವೆಟರು, ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳಿಂದ ಎರವಲು ಪಡೆದ ದುರ್ಬೀನು ಇವನ್ನೆಲ್ಲ ಜೋಡಿಸಿಟ್ಟುಕೊಂಡರೆ, ಅತ್ತೆ ಊಟದ ಏರ್ಪಾಟಿಗೆ ನಿಂತರು. ಹೊರಗಿನ ಹೋಟೆಲಿನ ಎಣ್ಣೆಯ ಮೇಲೆ ಅವರಿಗೆ ನಂಬಿಕೆ ಇಲ್ಲ. ಚಕ್ಕುಲಿ, ನಿಪ್ಪಟ್ಟು, ಕಡಲೆಕಾಯಿ, ಇವೆಲ್ಲದರ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಪುಳಿಯೋಗರೆ. ಅದನ್ನು ಅವರು ತಮ್ಮ ತವರಿನ ಮಾತಿನಲ್ಲಿ ಪುಲಿಹೋರ ಎನ್ನುತ್ತಾರೆ. ಗೊಜ್ಜು ಚೆನ್ನಾಗಿದ್ದರೆ ಎರಡು ದಿನ ಏನೂ ಆಗುವುದಿಲ್ಲ ಎಂದು ಅವರ ಭರವಸೆ. ಕೋಲಾರ ದಾಟುವ ಮುಂಚೆಯೇ ಅವರು ಒಂದು ಸಲ, "ಶಾರದಮ್ಮಾ, ಆ ಪುಲಿಹೋರ ತೆಗೀತೀಯಾ" ಎಂದರು. ಕನಕಪುರದಲ್ಲಿ ಇನ್ನೊಂದು ಸಲ. ಕೊಳ್ಳೇಗಾಲದ ಹೊತ್ತಿಗೆ ಅವರು ವಾಕ್ಯವನ್ನೇ ಬಿಟ್ಟು ಬರೀ ಪದಕ್ಕೆ ಇಳಿದಿದ್ದರು. ವಯಸ್ಸಾದವರಿಗೆ ಪ್ರಯಾಣದಲ್ಲಿ ಬಾಯಾಡಿಸಲು ಏನಾದರೂ ಬೇಕು. ನಾನೂ ಹಿಂದೆ ಕೈಹಾಕಿ ಡಬ್ಬಿ ತೆಗೆಯುವುದು, ಒಂದು ಚಮಚ ಎಲೆಗೆ ಹಾಕುವುದು, ಮುಚ್ಚುವುದು ಇದರಲ್ಲಿಯೇ ಅರ್ಧ ಕರ್ನಾಟಕ ದಾಟಿದೆ.

ಯಳಂದೂರು ಬಿಟ್ಟ ಮೇಲೆ ನಾನು ಡಬ್ಬಿ ಮುಚ್ಚಿಟ್ಟು ಕಿಟಕಿ ಇಳಿಸಿದೆ. ಎದುರಿಗೆ ಬೆಟ್ಟಗಳು ಎದ್ದು ನಿಂತಿದ್ದವು, ನೀಲಿಯಾಗಿ, ಒಂದರ ಹೆಗಲ ಮೇಲೆ ಇನ್ನೊಂದು ಗಲ್ಲವಿಟ್ಟ ಹಾಗೆ. ಕಾರು ತಿರುವುಗಳನ್ನು ಹತ್ತುತ್ತಿದ್ದಂತೆ ಗಾಳಿ ತಣ್ಣಗಾಯಿತು. ರಸ್ತೆಯ ಎರಡೂ ಕಡೆಯ ಮರಗಳು ಮೇಲೆ ಬಂದು ಕೂಡಿಕೊಂಡವು. ನಾನು ತರಗತಿಯಲ್ಲಿ ಬೆರಳು ಹೆಣೆದು ತೋರಿಸುತ್ತಿದ್ದೆನಲ್ಲ, ಅದು ತಪ್ಪೇನಲ್ಲ, ಆದರೆ ತೀರ ಬಡತನದ್ದು. ಇಲ್ಲಿ ಹಸಿರೆಂದರೆ ಒಂದು ಬಣ್ಣವಾಗಿರಲಿಲ್ಲ. ಕಪ್ಪಿಗೆ ತಿರುಗಿದ ಹಸಿರು, ಹಳದಿಯ ಹಸಿರು, ಆಗ ತಾನೇ ಮಿಂದು ಬಂದ ಹಸಿರು. ಬೆಳಕು ಎಲೆಗಳ ನಡುವೆ ಸೋಸಿ, ಜರಡಿ ಹಿಡಿದ ಹಿಟ್ಟಿನ ಹಾಗೆ ಇಳಿಯುತ್ತಿತ್ತು. ಎಷ್ಟೋ ವರ್ಷ ಹೆಸರಷ್ಟೇ ಕೇಳಿದ್ದ ನೆಂಟರ ಮನೆಗೆ ಬಂದು ಬಾಗಿಲಲ್ಲಿ ನಿಂತ ಹಾಗೆ ನನಗೆ ಸಂಕೋಚವಾಯಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ನಮ್ಮ ಮನೆಯವರು ಕನ್ನಡಿಯಲ್ಲಿ ನೋಡಿ, ವಾಂತಿ ಬರ್ತಾ ಇದೆಯಾ, ಗಾಡಿ ನಿಲ್ಲಿಸಲಾ ಎಂದು ಕೇಳಿದರು.

ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಅಲ್ಲೊಂದು ಸಣ್ಣ ತೊರೆ ಬಂಡೆಯಿಂದ ಬಂಡೆಗೆ ಹಾರುತ್ತಾ ರಸ್ತೆಯ ಮೋರಿಯೊಳಗೆ ನುಗ್ಗುತ್ತಿತ್ತು. ಅತ್ತೆ ಕಾರಿನಿಂದ ಇಳಿದವರು ಅಲ್ಲಾಡಲಿಲ್ಲ. ಮರ ನೋಡಲಿಲ್ಲ, ಬೆಟ್ಟ ನೋಡಲಿಲ್ಲ, ನೀರನ್ನೇ ನೋಡುತ್ತಾ ನಿಂತರು. ನಮ್ಮದು ನೀರಿಗಾಗಿ ನೆಲವನ್ನು ಪಾತಾಳದವರೆಗೆ ಕೊರೆಯುವ ಸೀಮೆ. ಕೊಳವೆಬಾವಿಗೆ ಮೋಟಾರು ಇಳಿಸುವ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಕೊಡ, ಡ್ರಮ್ಮು, ಟ್ಯಾಂಕರುಗಳ ಲೆಕ್ಕದಲ್ಲೇ ಬದುಕಿದ ಹೆಂಗಸು ಅವರು. "ಎನ್ನಿ ನೀಳ್ಳು" ಎಂದರು ಮೆಲ್ಲಗೆ. ಎಷ್ಟೊಂದು ನೀರು. ಆಮೇಲೆ ಕನ್ನಡದಲ್ಲಿ, "ಯಾರಿಗೂ ಬೇಡದೆ ಸುಮ್ಮನೆ ಹೋಗ್ತಾ ಇದೆಯಲ್ಲಮ್ಮಾ" ಎಂದರು. ಕಾಡಿಗೆ ಬೇಕಲ್ಲ ಅತ್ತೆ ಎಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡು ತಲೆಗೆ ಪ್ರೋಕ್ಷಿಸಿಕೊಂಡರು, ನನ್ನ ತಲೆಗೂ ಹಾಕಿದರು. ಕಾರಿನಲ್ಲಿದ್ದ ಖಾಲಿ ಬಾಟಲಿಗಳನ್ನೆಲ್ಲ ತುಂಬಿಸಿದ ಮೇಲೆಯೇ ಹತ್ತಿದ್ದು.

ರಂಗನಾಥನ ದರ್ಶನ ಸುಸೂತ್ರವಾಗಿ ಆಯಿತು. ಎಷ್ಟು ಸುಸೂತ್ರ ಎಂದರೆ ಅತ್ತೆಗೆ ಸಮಾಧಾನವೇ ಆಗಲಿಲ್ಲ. ಕ್ಯೂ ಇಲ್ಲ, ನೂಕುವವರಿಲ್ಲ, ಮುಂದೆ ನಡೀರಿ ಎನ್ನುವವರಿಲ್ಲ. ದೇವರ ಎದುರು ಎಷ್ಟು ಹೊತ್ತು ಬೇಕಾದರೂ ನಿಂತುಕೊಳ್ಳಬಹುದು ಎಂದಾಗ ಅವರಿಗೆ ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲವಂತೆ. ಆಮೇಲೆ ಹೊರಗೆ ಬಂದು, ಗುಡಿಯ ಹಿಂದಿನ ಬಂಡೆಯಂಚಿನ ಕಟಕಟೆ ಹಿಡಿದು ನಾವಿಬ್ಬರೂ ನಿಂತೆವು. ಕೆಳಗೆ ಕಣ್ಣು ಹರಿಯುವವರೆಗೂ ಬೆಟ್ಟದ ಸಾಲು. ಒಂದು ಕಣಿವೆಯಿಂದ ಮೋಡ ಏಳುತ್ತಿತ್ತು, ಹಾಲು ಉಕ್ಕಿ ಬಂದ ಹಾಗೆ, ಆದರೆ ಓಡಿಹೋಗಿ ಒಲೆ ಆರಿಸುವ ಗಾಬರಿ ಇಲ್ಲದೆ. ಮನೆ, ಕಂಬ, ತಂತಿ, ಏನೂ ಇಲ್ಲ. ಇದರೊಳಗೆ ಎಲ್ಲೋ ಈ ಕ್ಷಣದಲ್ಲಿ ಒಂದು ಆನೆ ಕಿವಿ ಬೀಸುತ್ತಿದೆ, ಒಂದು ಹುಲಿ ನಿದ್ದೆ ಮಾಡುತ್ತಿದೆ, ಅವಕ್ಕೆ ನಾನು ಯಾರೆಂದು ಗೊತ್ತಿಲ್ಲ ಎನ್ನಿಸಿತು. ನಿಮಗೆ ಇದು ಹೇಗೆ ಕೇಳಿಸುತ್ತದೋ ತಿಳಿಯದು. ಅವುಗಳಿಗೆ ಒಂದು ಸಲ ನನ್ನ ಪರಿಚಯವಾಗಲಿ ಎಂದು ತೀರ ಆಸೆಯಾಯಿತು. ಹುಲಿ ಒಂದು ಸಲ ನನ್ನನ್ನು ನೋಡಬೇಕು. ಅಷ್ಟೇ.

ಮಾರನೆಯ ದಿನ ಮಧ್ಯಾಹ್ನ ಸಫಾರಿಗೆ ಜೀಪು ಗೊತ್ತಾಗಿತ್ತು. ನಮ್ಮ ಮನೆಯವರು ಬರಲಿಲ್ಲ. ಬೆಟ್ಟದ ಮೇಲೆ ಅವರ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅಂಗಡಿಗೆ ಬರುವ ರೈತರು ಟೊಮೆಟೊ ಎಲೆ ಮುದುರಿದರೆ ಏನು ಹೊಡೆಯಬೇಕು ಎಂದು ಅವರನ್ನೇ ಕೇಳುವುದು. ಒಂದು ದಿನ ಫೋನು ಸುಮ್ಮನಿದ್ದುದಕ್ಕೆ ಅವರು ಜ್ವರ ಬಂದವರ ಹಾಗೆ ಆಗಿದ್ದರು. ನಾವು ಇಳಿದುಕೊಂಡಿದ್ದ ಕಡೆ ಒಂದು ಹಲಸಿನ ಮರದ ಹತ್ತಿರ, ಬಲಗಾಲು ಬೇರಿನ ಮೇಲಿಟ್ಟು ಮುಖ ದಕ್ಷಿಣಕ್ಕೆ ತಿರುಗಿಸಿದರೆ ಒಂದು ಗೆರೆ ಬರುತ್ತದೆಂದು ಯಾರೋ ಹೇಳಿಕೊಟ್ಟರು. ಅವರು ಆ ಮರವನ್ನು ಬಿಟ್ಟು ಕದಲಲಿಲ್ಲ. ಜೀಪು ಹೊರಟಾಗ ತಿರುಗಿ ನೋಡಿದೆ. ಒಂದು ಕಾಲು ಎತ್ತಿಟ್ಟು, ಫೋನು ಮೇಲೆ ಹಿಡಿದು, ತಪಸ್ಸಿಗೆ ನಿಂತ ಹಾಗೆ ಕಂಡರು. ಕಾಯಿ ಬಿಡದ ಮರಗಳಿಗೆ ಅವರು ಅಷ್ಟು ಗೌರವ ಕೊಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಲಸು ಕಾಯಿ ಬಿಡುತ್ತದೆ ಎಂದು ಆಮೇಲೆ ನೆನಪಾಯಿತು.

ಫೋನು ಹಿಡಿದು ನಿಂತ ಮಗನನ್ನು ನಂಬಿ ಅತ್ತೆಯನ್ನು ಬಿಡುವಂತಿರಲಿಲ್ಲ. ಅವರಿಗೂ ಕಾಡಿನ ಮೇಲೆ ವಿಶೇಷ ಆಸೆ ಏನಿರಲಿಲ್ಲ; ಜೀಪಿನಲ್ಲಿ ಕೂರಲು ಜಾಗ ಇದೆ ಎಂದು ಬಂದರು. ಮುಂದಿನ ಸೀಟುಗಳಲ್ಲಿ ಬೆಂಗಳೂರಿನ ಒಂದು ಸಂಸಾರ, ಹಿಂದೆ ನಾವಿಬ್ಬರು. ಸೀಟಿನ ಕೆಳಗೆ, ಪುಳಿಯೋಗರೆಯ ಶೇಷಭಾಗ ಇದ್ದ ಡಬ್ಬಿಯ ಚೀಲ. ಅದನ್ನು ಬಿಟ್ಟು ಬರಲು ಅತ್ತೆ ಒಪ್ಪಿರಲಿಲ್ಲ. ಕಾಡಿನೊಳಗೆ ತಿನ್ನಬಾರದು ಎಂದಿದ್ದಕ್ಕೆ, ತಿನ್ನೋದಿಲ್ಲ, ಜೊತೆಗಿರಲಿ ಎಂದಿದ್ದರು. ಗೈಡು ಹೊರಡುವ ಮುಂಚೆ ತಿರುಗಿ, ಪ್ರಾಣಿ ಕಂಡರೆ ಯಾರೂ ಕೂಗಬಾರದು, ಕೈ ಚಾಚಬಾರದು, ಮಾತಾಡಲೇಬೇಕಾದರೆ ಪಿಸುಗುಟ್ಟಬೇಕು ಎಂದು ತಿಳಿಸಿದ. ಬದುಕಿನಲ್ಲಿ ಎಂದೂ ಪಿಸುಗುಟ್ಟದ ಅತ್ತೆ ಅಂದು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರು ಎಂದರೆ, ನನ್ನ ಸೆರಗು ಸರಿಮಾಡಿಕೊಳ್ಳಲು ಹೇಳುವುದಕ್ಕೂ ಕಿವಿಯ ಹತ್ತಿರ ಬಾಯಿ ತಂದರು.

ಮೊದಲ ಜಿಂಕೆ ಕಂಡಾಗ ನನಗೆ ಕಣ್ಣಲ್ಲಿ ನೀರು ಬಂದಿತು. ಎರಡನೆಯ ಹಿಂಡಿಗೆ ಮೈ ಜುಂ ಎಂದಿತು. ಆಮೇಲೆ ಜೀಪು ಪ್ರತಿ ತಿರುವಿನಲ್ಲೂ ನಿಂತು ಜಿಂಕೆ ತೋರಿಸತೊಡಗಿತು. ಮನುಷ್ಯನ ಮನಸ್ಸು ಎಷ್ಟು ಕೃತಘ್ನ ನೋಡಿ, ಒಂದು ಗಂಟೆಯ ಹಿಂದೆ ಅತ್ತ ಹೆಂಗಸು, ಓ ಜಿಂಕೆಯಾ ಎಂದು ದುರ್ಬೀನನ್ನೂ ಎತ್ತದೆ ಕೂತಿದ್ದೆ. ಒಂದು ಕಾಟಿ, ಅದೇ ಕಾಡೆಮ್ಮೆ, ಬಿದಿರಿನ ಮೆಳೆಯ ಹಿಂದಿನಿಂದ ನಮ್ಮನ್ನು ಸಾಲಗಾರರನ್ನು ನೋಡುವ ಹಾಗೆ ನೋಡಿ ಹೋಯಿತು. ಆನೆ ಸಿಗಲಿಲ್ಲ, ಅದರ ಲದ್ದಿ ಸಿಕ್ಕಿತು. ಗೈಡು ಅದು ಬೆಚ್ಚಗಿದೆ ಎಂದಾಗ, ಆನೆ ಈಗಷ್ಟೇ ಎದ್ದು ಹೋದ ಕುರ್ಚಿಯ ಪಕ್ಕ ನಿಂತ ಹಾಗೆ ನನಗೆ ಅನ್ನಿಸಿತು. ಬಿಸಿಲು ಇಳಿಯುತ್ತಾ ಬಂತು. ಮರಗಳ ಬುಡದಲ್ಲಿ ನೆರಳು ನೆಲದಿಂದಲೇ ಹುಟ್ಟುತ್ತಿತ್ತು. ಇನ್ನೇನು ವಾಪಸಾಗುವ ಹೊತ್ತು ಎನ್ನುವಾಗ, ಒಂದು ಸಣ್ಣ ಹಳ್ಳದ ಹತ್ತಿರ ಜೀಪು ಮತ್ತೆ ನಿಂತಿತು. ಮುಂದಿನವರು ಮೊಬೈಲು ಎತ್ತಿದರು. ಮತ್ತೆ ಜಿಂಕೆ ಎಂದುಕೊಂಡೆ.

ಆಗ ಅತ್ತೆ ನನ್ನ ಮೊಳಕೈ ಹಿಡಿದು, ಕಿವಿಯ ಹತ್ತಿರ ಬಂದು, ಬಹಳ ಮೆಲ್ಲಗೆ, "ಪುಲಿ" ಎಂದರು.

ನಿಮಗೆ ತೆಲುಗು ಬಾರದಿದ್ದರೆ ಹೇಳುತ್ತೇನೆ, ತೆಲುಗಿನಲ್ಲಿ ಪುಲಿ ಎಂದರೆ ಹುಲಿ. ನನಗೆ ಅದು ಚೆನ್ನಾಗಿ ಗೊತ್ತು. ಅವರ ಜೊತೆ ಇಷ್ಟು ವರ್ಷ ಬಾಳಿದ್ದೇನೆ. ಆದರೆ ಶ್ರೀನಿವಾಸಪುರದಿಂದ ಆ ಹಳ್ಳದವರೆಗೆ ಅವರು ಅದೇ ಮೊಳಕೈ ಹಿಡಿದು ಕೇಳುತ್ತಿದ್ದುದು ಪುಲಿಹೋರ. ಪದದ ಮೊದಲರ್ಧ ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಸೀಟಿನ ಕೆಳಗೆ ಹೋಯಿತು. ಇಲ್ಲಿ ತಿನ್ನಬಾರದು ಅತ್ತೆ, ಒಂದೇ ತುತ್ತು, ಬೇಗ ಬಾಯಿಗೆ ಹಾಕ್ಕೊಳ್ಳಿ ಎಂದು ನಾನೂ ಪಿಸುಗುಟ್ಟಿದೆ. ಅವರು ಇನ್ನೊಂದು ಸಲ, ಸ್ವಲ್ಪ ನಡುಗುವ ದನಿಯಲ್ಲಿ, "ಪುಲಿ" ಎಂದರು. ಪಾಪ, ಹಸಿವು ಜಾಸ್ತಿಯಾಗಿದೆ ಎಂದುಕೊಂಡೆ. ಚೀಲದ ಗಂಟು ಬಿಗಿಯಾಗಿತ್ತು. ತಲೆಯನ್ನು ಮೊಣಕಾಲಿನವರೆಗೆ ಬಗ್ಗಿಸಿ, ಹಲ್ಲಿನಲ್ಲಿ ಕಚ್ಚಿ ಗಂಟು ಬಿಚ್ಚಿದೆ. ಡಬ್ಬಿಯ ಮುಚ್ಚಳ ಸದ್ದಾಗಬಾರದೆಂದು ಸೆರಗಿನಲ್ಲಿ ಹಿಡಿದು ತಿರುಗಿಸಿದೆ. ನನ್ನ ಜೀವನದಲ್ಲಿ ಅಷ್ಟು ನಾಜೂಕಾಗಿ ಯಾವ ಡಬ್ಬಿಯನ್ನೂ ತೆಗೆದಿಲ್ಲ. ತೆಗೆದು, ಗೆದ್ದವಳ ಹಾಗೆ ತಲೆ ಎತ್ತಿದೆ.

ಜೀಪಿನಲ್ಲಿ ಎಲ್ಲರೂ ಒಂದು ಕಡೆಗೆ ತಿರುಗಿ ಉಸಿರು ಹಿಡಿದು ಕೂತಿದ್ದರು. ಆ ಕಡೆ ಒಂದು ಲಂಟಾನದ ಪೊದೆ ಅಲ್ಲಾಡುತ್ತಿತ್ತು. ಅಲ್ಲಾಡುವುದು ನಿಂತಿತು. ಗೈಡು ನಿಧಾನವಾಗಿ ತಿರುಗಿ, ಮೊದಲು ನನ್ನ ಮುಖವನ್ನೂ ಆಮೇಲೆ ಪುಳಿಯೋಗರೆಯನ್ನೂ ನೋಡಿ, "ನೋಡಿದ್ರಲ್ಲ ಮೇಡಂ?" ಎಂದ. ಏನನ್ನು ಎಂದು ಕೇಳಿದೆ. ಹುಲಿ ಎಂದ. ಯಾವ ಹುಲಿ ಎಂದೆ. ಬೆಂಗಳೂರಿನ ಆ ಯಜಮಾನರು ನನ್ನ ಮೇಲೆ ಕನಿಕರಪಟ್ಟು ಮೊಬೈಲು ತೋರಿಸಿದರು. ಅವರ ಕ್ಯಾಮೆರಾ ಮುಂದಿದ್ದ ಒಂದು ಎಲೆಯನ್ನು ಬಹಳ ಸ್ಪಷ್ಟವಾಗಿ ಹಿಡಿದಿತ್ತು. ಹಿಂದೆ ಕೇಸರಿ ಬಣ್ಣದ ಏನೋ ಕರಗಿಹೋಗಿತ್ತು. ಅದು ಹುಲಿಯೂ ಆಗಬಹುದಿತ್ತು, ಒಣಹಾಕಿದ ಪಂಚೆಯೂ ಆಗಬಹುದಿತ್ತು. ಅತ್ತೆ ಮಾತ್ರ ಆ ಪೊದೆಯ ಕಡೆಯೇ ನೋಡುತ್ತಾ ಕೈ ಮುಗಿದುಕೊಂಡಿದ್ದರು. ರಂಗನಾಥನ ಮುಂದೆ ನಿಂತಾಗಲೂ ಅವರ ಮುಖ ಹಾಗಿರಲಿಲ್ಲ.

ವಾಪಸಾಗುವ ದಾರಿಯುದ್ದಕ್ಕೂ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅತ್ತೆ ಎರಡು ಸಲ ಹೇಳಿದ್ದರು, ಅದೂ ಸರಿಯಾದ ಹೆಸರು ಹಿಡಿದೇ. ಹಲಸಿನ ಮರದ ಕೆಳಗಿನ ತಪಸ್ವಿಗೆ ವಿಷಯ ಹೇಳಿದಾಗ ಅವರು ನಗಲಿಲ್ಲ. ಅದು ಅವರ ದೊಡ್ಡತನ. ಫೋನು ಜೇಬಿಗಿಟ್ಟು, "ಪುಳಿಯೋಗರೆ ಮಿಕ್ಕಿದೆಯಾ?" ಎಂದು ಕೇಳಿದರು. ಅದೂ ಹಸಿವಿಗೆ ಕೇಳಿದ್ದೇ ಇರಬೇಕು.

ಊರಿಗೆ ಬಂದ ಮೇಲೆ ಅತ್ತೆ ನಮ್ಮ ಬೀದಿಯಲ್ಲಿ ಹುಲಿ ಕಂಡ ಅಜ್ಜಿಯಾದರು. ಸಂಜೆ ಜಗಲಿಯ ಮೇಲೆ ನಾಲ್ಕು ಜನ ಕೂತರೆ ಸಾಕು, ಹುಲಿ ಹಳ್ಳಕ್ಕೆ ಇಳಿಯುತ್ತಿತ್ತು. ನಾನು ಒಳಗೆ ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದೆ. ಮೊದಲ ವಾರ ಅದು ಕರುವಿನ ಗಾತ್ರ ಇತ್ತು. ಕಾರ್ತಿಕದ ಹೊತ್ತಿಗೆ ಎತ್ತಿನಷ್ಟಾಯಿತು. ಸಂಕ್ರಾಂತಿಗೆ ಅದು ಅತ್ತೆಯನ್ನು ನೋಡಿ, ಊಟ ಆಯಿತಾ ಎಂದು ಕೇಳುವ ಹಾಗೆ ತಲೆ ಅಲ್ಲಾಡಿಸಿತು. ಆದರೆ ಕೆಲವು ಮಾತುಗಳನ್ನು ಅವರು ಎಂದೂ ಬದಲಾಯಿಸಲಿಲ್ಲ. ನೀರಿಗೆ ಕಾಲಿಟ್ಟ ಹುಲಿ ಆಚೆ ದಡಕ್ಕೆ ಹತ್ತಿ, ನಮ್ಮ ಮನೆ ಬೆಕ್ಕು ಒದ್ದೆ ನೆಲ ತುಳಿದಾಗ ಮಾಡುವ ಹಾಗೆ ಮುಂಗಾಲನ್ನು ಎತ್ತಿ ಕೊಡವಿತಂತೆ. ಹೋಗುವಾಗ ಅದರ ಕಿವಿಯ ಹಿಂಭಾಗ ಕಂಡಿತಂತೆ. ಎರಡು ಕಿವಿಯ ಹಿಂದೆಯೂ ದೃಷ್ಟಿಬೊಟ್ಟು ಇಟ್ಟ ಹಾಗೆ ಒಂದೊಂದು ಚುಕ್ಕೆ, ಕಪ್ಪಲ್ಲ, ಬಿಳಿದು. ಇದು ಮಾತ್ರ ಕಟ್ಟುಕತೆ ಎಂದು ನಾನು ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ತೆಗೆದು ನೋಡಿದೆ. ಹುಲಿಯ ಕಿವಿಯ ಹಿಂದೆ ಬಿಳಿ ಚುಕ್ಕೆ ಇರುತ್ತದೆ. ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸಿದೆ. ಜೀವಮಾನವೆಲ್ಲ ಹುಲಿಯ ಧ್ಯಾನ ಮಾಡಿದವಳಿಗೆ ಡಬ್ಬಿಯ ಮುಚ್ಚಳ ದಕ್ಕಿತು. ಯಾವ ಆಸೆಯೂ ಇಲ್ಲದೆ ಬಂದವರಿಗೆ ಹುಲಿ ಬೆನ್ನು ತಿರುಗಿಸಿ ಕಿವಿಯ ಹಿಂದಿನ ಗುಟ್ಟನ್ನೂ ತೋರಿಸಿ ಹೋಯಿತು. ಒಳಗೊಳಗೇ ಹೊಟ್ಟೆ ಉರಿಯಿತು ಎಂದು ಹೇಳಿದರೆ ನೀವು ನನ್ನನ್ನು ತಪ್ಪು ತಿಳಿಯಬಾರದು.

ಆಮೇಲಿನ ವರ್ಷ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಆಮೇಲೆ ನನ್ನನ್ನು ಅವರ ತಂಗಿಯ ಹೆಸರು ಹಿಡಿದು ಕರೆಯತೊಡಗಿದರು. ಕೋಲಾರದ ಡಾಕ್ಟರು, ಇದು ವಯಸ್ಸಿನ ಮರೆವು, ಗದರಿಸಬೇಡಿ, ಮಾತಾಡಿಸುತ್ತಾ ಇರಿ ಎಂದರು. ಕನ್ನಡ ನಿಧಾನವಾಗಿ ಕಡಿಮೆಯಾಗಿ ತೆಲುಗು ಹೆಚ್ಚಾಯಿತು. ರಾಯಲ್ಪಾಡಿನ ಬಾವಿ, ಅಲ್ಲಿನ ಹುಣಸೆ ಮರ, ಚಿಕ್ಕಂದಿನ ಜೊತೆಗಾತಿಯರು ಎಲ್ಲ ಹತ್ತಿರ ಬಂದರು, ಇತ್ತೀಚಿನದೆಲ್ಲ ದೂರ ಸರಿಯಿತು. ಒಂದು ಸಂಜೆ ಪಕ್ಕದ ಮನೆಯ ಲಕ್ಷ್ಮಮ್ಮ ತನ್ನ ತವರಿನಿಂದ ಬಂದಿದ್ದ ನಾದಿನಿಯನ್ನು ಕರೆತಂದು, ಅಮ್ಮಾ, ಇವಳಿಗೆ ನಿಮ್ಮ ಹುಲಿ ವಿಷಯ ಹೇಳಿ ಎಂದರು. ಅತ್ತೆ ಇಬ್ಬರ ಮುಖವನ್ನೂ ನೋಡಿ, ಮರ್ಯಾದೆಯಿಂದ ನಕ್ಕು, "ಯಾವ ಪುಲಿ?" ಎಂದರು. ಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದೆ.

ಯೋಚಿಸಿ ನೋಡಿದೆ. ಗೈಡು ಎಲ್ಲಿದ್ದಾನೋ, ಅವನಿಗೆ ದಿನಕ್ಕೊಂದು ಹುಲಿ. ಬೆಂಗಳೂರಿನವರ ಮೊಬೈಲಿನಲ್ಲಿ ಇರುವುದು ಎಲೆ. ನಮ್ಮ ಮನೆಯವರು ಮರದ ಕೆಳಗಿದ್ದರು. ಅತ್ತೆಯ ಹುಲಿ ಅವರ ತಲೆಯಿಂದ ಹೊರಗೆ ಹೋಗಿಬಿಟ್ಟರೆ, ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಠಾವಿಲ್ಲ. ಹಾಗೆಂದು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಕೈ ಒರೆಸಿಕೊಂಡು ಅವರ ಪಕ್ಕ ಕೂತು ನಾನೇ ಹೇಳತೊಡಗಿದೆ. ಬಿಸಿಲು ಇಳಿದಿತ್ತು, ಜೀಪು ನಿಂತಿತು, ಹಳ್ಳದ ಈ ಕಡೆಯಿಂದ ಅದು ಬಂತು, ನೀರಿಗೆ ಕಾಲಿಟ್ಟಿತು, ಆಚೆ ಹತ್ತಿ ಕಾಲು ಕೊಡವಿತು. ನಾಲ್ಕು ಹನಿ ಬಿಸಿಲಿನಲ್ಲಿ ಹೊಳೆದವು. ಈ ಹನಿಗಳು ಅತ್ತೆಯ ಕತೆಯಲ್ಲಿ ಇರಲಿಲ್ಲ. ಅವು ಎಲ್ಲಿಂದ ಬಂದವೋ ನನಗೂ ಗೊತ್ತಿಲ್ಲ. ಆದರೆ ಹೇಳುವಾಗ ಅವು ನನಗೆ ಕಂಡವು. ಕಿವಿಯ ಹಿಂದಿನ ಬಿಳಿ ಚುಕ್ಕೆಗೆ ಬರುವ ಹೊತ್ತಿಗೆ ಅತ್ತೆ ಕೈ ಮುಗಿದುಕೊಂಡಿದ್ದರು.

ಈಗ ಅದು ದಿನದ ಕೆಲಸವಾಗಿದೆ. ಶಾಲೆಯಿಂದ ಬಂದು ಕಾಫಿ ಕೊಟ್ಟ ಮೇಲೆ ಅವರು ಹತ್ತಿರ ಕೂರಿಸಿಕೊಳ್ಳುತ್ತಾರೆ. ಪುಲಿ ಎಂದು ನಾನೇ ಪಿಸುಗುಟ್ಟಿ ಶುರುಮಾಡುತ್ತೇನೆ. ಪ್ರತಿದಿನವೂ ಅವರಿಗೆ ಅದು ಹೊಸತು. ಹೇಳಿ ಹೇಳಿ ಈಗ ಆ ಹಳ್ಳದ ಒಂದೊಂದು ಕಲ್ಲೂ ನನಗೆ ಪರಿಚಯ. ಮೊನ್ನೆ ಕತೆ ಮುಗಿದ ಮೇಲೆ ಅತ್ತೆ ನನ್ನ ಗಲ್ಲ ಮುಟ್ಟಿ, "ನೀನು ಪುಣ್ಯವಂತೆ ಕಣಮ್ಮಾ, ಕಣ್ಣಾರೆ ಪುಲಿ ನೋಡ್ಬಿಟ್ಟೆ. ನನಗೆ ಆ ಯೋಗ ಬರಲಿಲ್ಲ. ಒಂದ್ ಸಲ ನನ್ನೂ ಕರ್ಕೊಂಡು ಹೋಗ್ತೀಯಾ?" ಎಂದರು.

ಅವರ ಕಣ್ಣಿನಲ್ಲಿದ್ದ ಆಸೆಯನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ. ಎಷ್ಟೋ ವರ್ಷ ಅದು ನಮ್ಮ ಮನೆಯ ಕನ್ನಡಿಯಲ್ಲಿತ್ತು. ಬರುವ ದಸರಾ ರಜೆಯಲ್ಲೇ ಹೋಗೋಣ ಅತ್ತೆ ಎಂದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನಮ್ಮ ಮನೆಯವರು ಇದನ್ನೆಲ್ಲ ಕೇಳಿಸಿಕೊಂಡು, ಒಳಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಅವರ ದನಿ ಸ್ವಲ್ಪ ಬದಲಾಗಿತ್ತು. ಅಮ್ಮನ ಆಸೆ ಅಂದ ತಕ್ಷಣ ಒಂದು ಮಾತೂ ಆಡದೆ ಒಪ್ಪಿಕೊಂಡೆಯಲ್ಲ, ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು. ತಿದ್ದಲು ಹೋಗಲಿಲ್ಲ. ತಲೆ ತಗ್ಗಿಸಿ, ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.